ಎಂಟು ಐಪಿ ವಿಳಾಸ ಮತ್ತು ಲೈನ್ ಮನೆಯ ಅಂಚೆ

ಜನವರಿಯಲ್ಲಿ ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ, ಅಂದರೆ ಕಾಫಿಬೀಜದ ಸಿಪ್ಪೆ ಬಿಡಿಸಿ ಹಸನು ಮಾಡುವ ಕಾರ್ಖಾನೆಗಳಲ್ಲಿ, ಯಾರಿಗೂ ಪುರುಸೊತ್ತು ಇರುವುದಿಲ್ಲ. ಗೇಟಿನ ಹೊರಗೆ ಪಾರ್ಚ್‌ಮೆಂಟ್ (ಒಳಸಿಪ್ಪೆ ಸಹಿತ ಒಣಗಿಸಿದ ಕಾಫಿಬೀಜ) ಚೀಲ ಹೇರಿಕೊಂಡ ಲಾರಿ, ಪಿಕಪ್‌ಗಳು ಸಾಲುಗಟ್ಟಿರುತ್ತವೆ. ತೂಕದ ಜಾಗದಲ್ಲಿ ತೋಟದ ರೈಟರುಗಳು (ಗುಮಾಸ್ತರು) ಚೀಟಿ ಹಿಡಿದು ಕಾಯುತ್ತಿರುತ್ತಾರೆ. ಅಂಥ ಒಂದು ಜನವರಿಯಲ್ಲಿ ಕಡೂರು ರಸ್ತೆಯ ಒಂದು ಕ್ಯೂರಿಂಗ್ ವರ್ಕ್ಸ್‌ಗೆ ಹೊಸ ಲೀಸ್ಡ್ ಲೈನ್, ಅಂದರೆ ಅವರಿಗೆಂದೇ ಮೀಸಲಾದ ಇಂಟರ್‌ನೆಟ್ ಸಂಪರ್ಕ, ಬಂದಿತು. ಅದರ ಬೆನ್ನಿಗೇ ಅಲ್ಲಿನ ಸರ್ವರ್ ಕೆಲಸ ನೋಡಿಕೊಳ್ಳುವ ನನಗೆ ಕರೆ ಬಂದಿತು. “ಲೈನ್ ಬಂದು ಮೂರು ದಿನವಾಯಿತು. ಬಿಲ್ಲು ಓಡುತ್ತಿದೆ, ಸರ್ವರ್ ಮಾತ್ರ ಹೊರಗೆ ಯಾರಿಗೂ ಕಾಣುತ್ತಿಲ್ಲ. ಯಾವಾಗ ಬರುತ್ತೀರಿ?”

ಕರೆ ಮಾಡಿದವರು ಅಲ್ಲಿನ ಹಿರಿಯ ಲೆಕ್ಕಿಗರು. ಚೀಲ ಒಳಗೆ ಬಂದದ್ದು, ಹೊರಗೆ ಹೋದದ್ದು, ಉಳಿದದ್ದು, ಇಷ್ಟನ್ನೂ ಮೂವತ್ತು ವರ್ಷಗಳಿಂದ ಕೈಬರಹದ ಪುಸ್ತಕದಲ್ಲಿ ಇಟ್ಟುಕೊಂಡು ಬಂದವರು. ಕಂಪ್ಯೂಟರನ್ನು ಅವರು ನಂಬುವುದಿಲ್ಲ. ನನ್ನನ್ನು ಅರ್ಧ ನಂಬುತ್ತಾರೆ.

ಸರ್ವರ್ ಒಂದೇ. 64 ಜಿಬಿ ಮೆಮೊರಿ, ಎರಡು ಈಥರ್‌ನೆಟ್ ಪೋರ್ಟ್. ಅದರ ಮೇಲೆ ಪ್ರಾಕ್ಸ್‌ಮಾಕ್ಸ್ ಎಂಬ ತಂತ್ರಾಂಶ ಹಾಕಿ, ಒಳಗೆ ಆರೇಳು ವರ್ಚುವಲ್ ಮಷೀನ್‌ಗಳನ್ನು, ಅಂದರೆ ಒಂದೇ ಸರ್ವರಿನೊಳಗೆ ಬೇರೆ ಬೇರೆ ಕಂಪ್ಯೂಟರಿನಂತೆ ನಡೆಯುವ ಯಂತ್ರಗಳನ್ನು, ನಾನೇ ಕಟ್ಟಿದ್ದೆ: ಬೆಳೆಗಾರರು ತಮ್ಮ ಕಾಫಿಯ ಔಟ್‌ಟರ್ನ್ (ನೂರು ಪಾಲಿಗೆ ಸಿಗುವ ಹಸನಾದ ಬೀಜ) ನೋಡುವ ವೆಬ್‌ಸೈಟ್, ತೂಕವಾದ ಕೂಡಲೇ ಬೆಳೆಗಾರರಿಗೆ ಎಸ್‌ಎಂಎಸ್ ಕಳುಹಿಸುವ ಯಂತ್ರ, ಇಮೇಲ್‌ನ ಅಂಚೆ ಸರ್ವರ್, ವಿಪಿಎನ್ (ಹೊರಗಿನಿಂದ ಒಳಜಾಲಕ್ಕೆ ಬರುವ ಗುಪ್ತ ಹಾದಿ), ಹೊರದೇಶದ ಖರೀದಿದಾರರೊಂದಿಗೆ ಕಡತ ವಿನಿಮಯ ಮಾಡುವ ಒಂದು ಯಂತ್ರ. ಇವಲ್ಲದೆ, ಹೊರಗಿನ ಗಾಳಿ ತಾಗಲೇಬಾರದ ಲೆಕ್ಕಪತ್ರದ ವಿಂಡೋಸ್ ಯಂತ್ರ ಮತ್ತು ಬ್ಯಾಕಪ್ ಯಂತ್ರ. ವರ್ಚುವಲ್ ಮಷೀನ್ ಎಂಬುದನ್ನು ಇನ್ನು ಮುಂದೆ ವಿಎಂ ಎಂದಷ್ಟೇ, ಅವನ್ನು ಹೊತ್ತ ಸರ್ವರನ್ನು ಹೋಸ್ಟ್ ಎಂದು ಬರೆಯುತ್ತೇನೆ. ಯಂತ್ರಗಳೆಲ್ಲ ಒಳಗೊಳಗೇ ಚೆನ್ನಾಗಿ ನಡೆಯುತ್ತಿದ್ದವು. ಬಾಕಿ ಇದ್ದದ್ದು ಹೊರಗಿನ ಐಪಿ ವಿಳಾಸ, ಅಂದರೆ ಇಂಟರ್‌ನೆಟ್‌ನಲ್ಲಿ ಯಂತ್ರವನ್ನು ಗುರುತಿಸುವ ಅಂಕಿ, ಕೊಡುವ ಕೆಲಸ. ಅರ್ಧ ದಿನದ್ದು ಎಂದುಕೊಂಡೇ ಹೊರಟೆ.

ಲೈನ್ ಕೊಟ್ಟ ಕಂಪನಿಯವರು ಒಂದು ಹಾಳೆಯಲ್ಲಿ ಎರಡು ಸಾಲು ಬರೆದುಕೊಟ್ಟು ಹೋಗಿದ್ದರು. ಮೊದಲನೆಯದು ವ್ಯಾನ್ ಐಪಿ (ಕಂಪನಿಯ ರೂಟರಿಗೂ ನಮಗೂ ನಡುವಿನ ತಂತಿಯ ವಿಳಾಸ), ಎರಡನೆಯದು ಲ್ಯಾನ್ ಪೂಲ್ (ನಮ್ಮ ಯಂತ್ರಗಳಿಗೆ ಕೊಡುವ ವಿಳಾಸಗಳ ಗುಂಪು). ನಿಜವಾದ ಅಂಕಿಗಳನ್ನು ಇಲ್ಲಿ ಬರೆಯುವುದು ಸರಿಯಲ್ಲ. ಬರವಣಿಗೆಯಲ್ಲಿ ಉದಾಹರಣೆ ಕೊಡಲೆಂದೇ ಆರ್‌ಎಫ್‌ಸಿ 5737 ಎಂಬ ಇಂಟರ್‌ನೆಟ್ ನಿಯಮಪತ್ರ ತೆಗೆದಿಟ್ಟಿರುವ ವಿಳಾಸಗಳನ್ನು ಬಳಸುತ್ತೇನೆ. ವ್ಯಾನ್ ಸಾಲಿನಲ್ಲಿ ನಮ್ಮದು 198.51.100.2, ಅವರದು 198.51.100.1, ಮಾಸ್ಕ್ (ಗುಂಪಿನ ಗಾತ್ರ ಹೇಳುವ ಅಂಕಿ) 255.255.255.252. ಲ್ಯಾನ್ ಪೂಲ್ 203.0.113.8/29; ಓರೆಗೆರೆಯ ನಂತರದ ಅಂಕಿಯೂ ಗುಂಪಿನ ಗಾತ್ರವನ್ನೇ ಹೇಳುತ್ತದೆ. ಅಂದರೆ 8ರಿಂದ 15ರವರೆಗೆ ಎಂಟು ವಿಳಾಸ.

ಇದಕ್ಕೂ ಮೊದಲು ಹಾಸನದಲ್ಲಿ ಎರಡು ಕಡೆ ಇಂಥ ಕೆಲಸ ಮಾಡಿದ್ದೆ. ಎರಡೂ ಕಡೆ ಕೊಟ್ಟದ್ದು ಒಂದೇ ಗುಂಪು, ಅದರ ಮೊದಲ ವಿಳಾಸ ಕಂಪನಿಯ ರೂಟರಿನಲ್ಲೇ ಇರುತ್ತಿತ್ತು. ಸರ್ವರಿನ ಹೊರಪೋರ್ಟನ್ನು ಬ್ರಿಡ್ಜ್‌ಗೆ (ಸರ್ವರಿನೊಳಗಿನ ತಂತ್ರಾಂಶದ ಸ್ವಿಚ್‌ಗೆ) ಸೇರಿಸಿ, ವಿಎಂಗಳನ್ನು ಆ ಬ್ರಿಡ್ಜ್‌ಗೆ ಕಟ್ಟಿ, ಮೊದಲ ವಿಳಾಸವನ್ನೇ ಗೇಟ್‌ವೇ (ಹೊರಗೆ ಹೋಗುವ ಬಾಗಿಲು) ಎಂದು ತುಂಬಿಸಿದರೆ ಮುಗಿಯಿತು. ಕೈಗೆ ಅದೇ ಅಭ್ಯಾಸ. ಇಲ್ಲಿಯೂ ಹಾಗೆಯೇ ಮಾಡಿದೆ. ಹೋಸ್ಟ್‌ಗೆ 198.51.100.2 ಕೊಟ್ಟೆ, ಅದು ಥಟ್ಟನೆ ಹೊರಗೆ ಮಾತನಾಡಿತು. ವೆಬ್‌ಸೈಟ್ ವಿಎಂಗೆ 203.0.113.10 ಕೊಟ್ಟು, ಗೇಟ್‌ವೇ 203.0.113.9 ಎಂದೆ. ಉಸಿರಿಲ್ಲ.

ಆ 9 ಎಂಬ ವಿಳಾಸ ಲೋಕದಲ್ಲಿ ಯಾರ ಬಳಿಯೂ ಇರಲಿಲ್ಲ ಎಂಬುದು ಈಗ ಹೇಳುವಾಗ ಸುಲಭ. ಅಂದು ನಾನು ತಂತಿ ಬದಲಿಸಿದೆ, ಪೋರ್ಟ್ ಬದಲಿಸಿದೆ, ವಿಎಂ ಅಳಿಸಿ ಮತ್ತೆ ಕಟ್ಟಿದೆ. ಗೇಟ್‌ವೇ ಜಾಗದಲ್ಲಿ 198.51.100.1 ಹಾಕಿ ನೋಡಿದೆ. ನಿನ್ನ ಗುಂಪಿನಲ್ಲಿಲ್ಲದ ಗೇಟ್‌ವೇಯನ್ನು ನಾನು ಎಲ್ಲಿ ಹುಡುಕಲಿ ಎಂದು ಲಿನಕ್ಸ್ ತಿರಸ್ಕರಿಸಿತು. ಎರಡನೆಯ ದಿನ ಸಂಜೆಯ ಹೊತ್ತಿಗೆ ಬುದ್ಧಿ ಎಷ್ಟು ಕೆಟ್ಟಿತ್ತೆಂದರೆ, ಒಂದು ವಿಎಂಗೆ 198.51.100.3 ಕೊಟ್ಟು ನೋಡಿದೆ. ನಾಲ್ಕು ವಿಳಾಸಗಳ ಗುಂಪಿನಲ್ಲಿ 3 ಎಂಬುದು ಬ್ರಾಡ್‌ಕಾಸ್ಟ್, ಗುಂಪಿಗೆಲ್ಲ ಒಟ್ಟಿಗೆ ಕೂಗುವ ವಿಳಾಸ, ಒಂದು ಯಂತ್ರಕ್ಕೆ ಕೊಡುವುದಲ್ಲ. ಇದನ್ನು ವಿದ್ಯಾರ್ಥಿಯೊಬ್ಬ ಮಾಡಿದ್ದರೆ ನಾನೇ ಗದರಿಸುತ್ತಿದ್ದೆ. ನಡುವೆ ಲೈನಿನ ಕಂಪನಿಗೆ ನಾಲ್ಕು ಸಲ ಕರೆ ಮಾಡಿದೆ. ನಾಲ್ಕು ಸಲವೂ “ನಮ್ಮ ಕಡೆ ಎಲ್ಲವೂ ಸರಿಯಾಗಿದೆ ಸಾರ್” ಎಂಬ ಉತ್ತರ. ಬೇಸರದ ಸಂಗತಿ ಎಂದರೆ ಅವರು ಹೇಳಿದ್ದು ನಿಜವಾಗಿತ್ತು.

ಮೂರನೆಯ ಬೆಳಿಗ್ಗೆ ಊಹೆ ಬಿಟ್ಟು ನೋಡಲು ಕುಳಿತೆ. ಮೊಬೈಲಿನ ವೈಫೈ ಆರಿಸಿ, ಸಿಮ್‌ನ ಇಂಟರ್‌ನೆಟ್‌ನಿಂದ 203.0.113.10ಕ್ಕೆ ಪಿಂಗ್ (ಇದ್ದೀಯಾ ಎಂದು ಕೇಳುವ ಪುಟ್ಟ ಪ್ಯಾಕೆಟ್) ಕಳುಹಿಸುತ್ತಿರುವಂತೆ ಬಿಟ್ಟೆ. ಸರ್ವರಿನ ಹೊರಪೋರ್ಟಿನಲ್ಲಿ ಹಾಯುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಓಡಿಸಿದೆ, ಪ್ಯಾಕೆಟ್‌ಗಳ ಮ್ಯಾಕ್ ವಿಳಾಸವೂ (ನೆಟ್‌ವರ್ಕ್ ಪೋರ್ಟಿನ ಗುರುತಿನ ಅಂಕಿ) ಕಾಣುವಂತೆ. ನಾನು ಕಾಯುತ್ತಿದ್ದದ್ದು ಒಂದು ಕೂಗಿಗಾಗಿ. ಒಂದೇ ತಂತಿಯ ಮೇಲಿನ ಯಂತ್ರಗಳು ಪರಸ್ಪರ ಹುಡುಕುವುದು ಎಆರ್‌ಪಿ ಎಂಬ ವಿಧಾನದಿಂದ; 1982ರ ಆರ್‌ಎಫ್‌ಸಿ 826ರಿಂದಲೂ ಅದರ ರೀತಿ ಒಂದೇ. “203.0.113.10 ಯಾರ ಬಳಿ ಇದೆ?” ಎಂದು ಕಂಪನಿಯ ರೂಟರ್ ಎಲ್ಲರಿಗೂ ಕೇಳುವಂತೆ ಕೂಗಬೇಕು, “ನನ್ನ ಬಳಿ” ಎಂದು ವಿಎಂ ಓಗೊಡಬೇಕು.

ಕೂಗು ಬರಲೇ ಇಲ್ಲ. ಕೂಗಿಲ್ಲದೆ ಪಿಂಗ್ ಪ್ಯಾಕೆಟ್ ಮಾತ್ರ ಬರುತ್ತಿತ್ತು, ಸೆಕೆಂಡಿಗೊಂದರಂತೆ, ತಪ್ಪದೆ. ಅದರ ಮೇಲೆ ಬರೆದಿದ್ದ ಮ್ಯಾಕ್ ವಿಳಾಸ ವಿಎಂನದಲ್ಲ, ಹೋಸ್ಟ್‌ನದು.

ಅಷ್ಟು ಸಾಕಾಯಿತು. ಆ ಎಂಟು ವಿಳಾಸಗಳು ಯಾರ ಬಳಿ ಇವೆ ಎಂದು ಕಂಪನಿಯ ರೂಟರಿಗೆ ಸಂಶಯವೇ ಇಲ್ಲ. 203.0.113.8/29ಕ್ಕೆ ಬಂದದ್ದನ್ನೆಲ್ಲ 198.51.100.2ರ ಕೈಗೆ ಕೊಡು ಎಂದು ಅದಕ್ಕೆ ಹೇಳಿಟ್ಟಿದ್ದಾರೆ. ಅದು ಕೊಡುತ್ತಿದೆ. ಹೋಸ್ಟ್ ಅದನ್ನು ತೆಗೆದುಕೊಂಡು, ಇದು ನನ್ನದಲ್ಲವಲ್ಲ ಎಂದು ಕಸದ ಬುಟ್ಟಿಗೆ ಹಾಕುತ್ತಿದೆ. ಲಿನಕ್ಸ್‌ನ ಸಹಜ ಸ್ವಭಾವವೇ ಅದು. ಬೇರೆಯವರ ಪ್ಯಾಕೆಟ್ ದಾಟಿಸು ಎಂದು ನಾವು ಹೇಳುವವರೆಗೆ ದಾಟಿಸುವುದಿಲ್ಲ.

ಪಕ್ಕದಲ್ಲಿ ನಿಂತು ನೋಡುತ್ತಿದ್ದ ಲೆಕ್ಕಿಗರು “ಏನು ಸಿಕ್ಕಿತು?” ಎಂದರು. ಹೇಗೆ ವಿವರಿಸುವುದೆಂದು ಯೋಚಿಸಿ, “ನಿಮ್ಮ ತೋಟದ ಕೂಲಿಯವರ ಲೈನ್ ಮನೆಗಳಿಗೆ ಅಂಚೆ ಹೇಗೆ ಬರುತ್ತದೆ ಸಾರ್?” ಎಂದು ಕೇಳಿದೆ.

“ಅಂಚೆಯವನು ಲೈನ್ ಮನೆಗೆ ಎಲ್ಲಿ ಬರುತ್ತಾನೆ? ಎಲ್ಲರದ್ದನ್ನೂ ತೋಟದ ಆಫೀಸಿಗೆ ಕೊಟ್ಟು ಹೋಗುತ್ತಾನೆ. ರೈಟರು ಹಂಚುತ್ತಾರೆ.”

“ಇಲ್ಲೂ ಹಾಗೆಯೇ ಆಗಿದೆ. ಪೇಟೆಯ ಮನೆಗಳಿಗೆ ಬಂದಂತೆ ಅಂಚೆಯವನು ಬಾಗಿಲು ಬಾಗಿಲಿಗೂ ಬರುತ್ತಾನೆಂದು ನಾನು ಎಲ್ಲ ವಿಎಂಗಳನ್ನೂ ರಸ್ತೆಗೆ ಮುಖ ಮಾಡಿ ಕೂರಿಸಿದ್ದೆ. ಅವನು ಕಾಗದವನ್ನೆಲ್ಲ ಆಫೀಸಿಗೆ ಕೊಟ್ಟು ಹೋಗುತ್ತಿದ್ದಾನೆ. ಹಂಚುವ ರೈಟರೇ ಇಲ್ಲ.”

ಅವರು ಸ್ವಲ್ಪ ಹೊತ್ತು ಯೋಚಿಸಿ, “ಇದನ್ನು ಮೊದಲ ದಿನವೇ ಅಂಚೆಯವನನ್ನು ಕೇಳಬಹುದಿತ್ತಲ್ಲ?” ಎಂದರು.

ಕೇಳಬಹುದಿತ್ತು. ಈಗ ಯಾವ ಲೈನ್ ಬಂದರೂ ನಾನು ಕೇಳುವ ಮೊದಲ ಮಾತು ಅದೇ. ಎಷ್ಟು ವಿಳಾಸ ಕೊಟ್ಟಿರಿ ಎಂದಲ್ಲ, ಅವು ನನ್ನವರೆಗೆ ಬರುವುದು ಹೇಗೆ ಎಂದು. ನೇರ ತಂತಿಯ ಮೇಲೆ ಇವೆಯೋ, ನನ್ನ ಒಂದು ವಿಳಾಸದ ಹಿಂದೆ ರೂಟ್ ಆಗಿವೆಯೋ, ಅಂದರೆ ಅದರ ಮೂಲಕವೇ ಹಾದು ಬರುತ್ತವೆಯೋ? ಉತ್ತರ ಸಿಗದಿದ್ದರೆ ಟಿಸಿಪಿಡಂಪ್ ಇದೆ. ಎಆರ್‌ಪಿ ಕೂಗು ಬಂದರೆ ನೇರ ತಂತಿ. ಕೂಗಿಲ್ಲದೆ ಪ್ಯಾಕೆಟ್ ಬಂದರೆ ರೂಟ್. ಐದು ನಿಮಿಷದ ಪರೀಕ್ಷೆ, ನಾನು ಎರಡು ದಿನ ಕಳೆದ ಮೇಲೆ ಮಾಡಿದ್ದು.

ನೇರ ತಂತಿಯಲ್ಲೂ ಎಲ್ಲ ಕಡೆ ಬ್ರಿಡ್ಜ್ ನಡೆಯುತ್ತದೆ ಎಂದೇನಲ್ಲ. ಕೆಲವು ವರ್ಷಗಳ ಹಿಂದೆ ಮಲೆನಾಡಿನ ಹೋಂಸ್ಟೇ ಬುಕಿಂಗ್‌ಗಾಗಿ ಒಂದು ಡೇಟಾ ಸೆಂಟರಿನಲ್ಲಿ ಬಾಡಿಗೆ ಸರ್ವರ್ ತೆಗೆದುಕೊಂಡಿದ್ದೆವು. ಹೆಚ್ಚುವರಿಯಾಗಿ ಒಂದು ವಿಳಾಸ ಕೊಂಡು, ಹಾಸನದ ರೀತಿಯಲ್ಲೇ ಬ್ರಿಡ್ಜ್ ಮಾಡಿ ವಿಎಂಗೆ ಕೊಟ್ಟೆ. ಒಂದು ಗಂಟೆ ಚೆನ್ನಾಗಿ ನಡೆಯಿತು. ಆಮೇಲೆ ಪತ್ರ ಬಂದಿತು: ನಿಮ್ಮ ಪೋರ್ಟಿನಲ್ಲಿ ಪರಿಚಯವಿಲ್ಲದ ಮ್ಯಾಕ್ ವಿಳಾಸ ಕಾಣಿಸಿಕೊಂಡಿದೆ, ಪೋರ್ಟ್ ಮುಚ್ಚಿದ್ದೇವೆ. ಅದು 52:54:00 ಎಂದು ಆರಂಭವಾಗುತ್ತಿತ್ತು. ವಿಎಂ ನಡೆಸುವ ತಂತ್ರಾಂಶಗಳಾದ ಕೆಮು ಮತ್ತು ಲಿಬ್‌ವರ್ಟ್ ತಾವು ಹುಟ್ಟಿಸುವ ವಿಎಂಗಳಿಗೆ ಸಹಜವಾಗಿ ಕೊಡುವ ಮೊದಲ ಮೂರು ಜೋಡಿ ಅದು. ಬೇರೊಬ್ಬರ ವಿಳಾಸ ಕದಿಯದಿರಲಿ ಎಂದು ಅವರ ಸ್ವಿಚ್ ಒಂದು ಪೋರ್ಟಿಗೆ ಇಂತಿಂಥ ಮ್ಯಾಕ್ ಮಾತ್ರ ಎಂದು ಕಟ್ಟುಹಾಕಿರುತ್ತದೆ. ಅಲ್ಲಿ ದಾರಿ ಎರಡು. ಅವರ ನಿಯಂತ್ರಣ ಪುಟದಿಂದಲೇ ಆ ವಿಳಾಸಕ್ಕೆಂದು ಒಂದು ಮ್ಯಾಕ್ ಪಡೆದು ಅದನ್ನು ವಿಎಂಗೆ ತುಂಬಿಸುವುದು ಒಂದು. ಇಲ್ಲವೇ ಹೋಸ್ಟ್ ತನ್ನದೇ ಮ್ಯಾಕ್‌ನಿಂದ ವಿಎಂ ಪರವಾಗಿ ಕೂಗಿಗೆ ಓಗೊಟ್ಟು ಪ್ಯಾಕೆಟ್ಟನ್ನು ಒಳಗೆ ದಾಟಿಸುವುದು. ಇದಕ್ಕೆ ಪ್ರಾಕ್ಸಿ ಎಆರ್‌ಪಿ ಎನ್ನುತ್ತಾರೆ. ನಾನು ಮೊದಲನೆಯದನ್ನು ಹಿಡಿದೆ. ಪ್ರಾಕ್ಸಿ ಎಆರ್‌ಪಿ ಕೆಲಸ ಮಾಡುತ್ತದೆ, ಆದರೆ ಆರು ತಿಂಗಳ ನಂತರ ಏನು ಮಾಡಿದ್ದೆ ಎಂದು ನೆನಪಾಗುವುದಿಲ್ಲ.

ಕಡೂರು ರಸ್ತೆಗೆ ಮರಳುತ್ತೇನೆ. ಸಮಸ್ಯೆ ತಿಳಿದ ಮೇಲೆ ಪರಿಹಾರಕ್ಕೆ ಹಿಡಿದದ್ದು ಇಪ್ಪತ್ತು ನಿಮಿಷ. ಹೊರಪೋರ್ಟನ್ನು ಬ್ರಿಡ್ಜ್‌ನಿಂದ ಬಿಡಿಸಿ, 198.51.100.2 ಎಂಬುದನ್ನು ನೇರವಾಗಿ ಅದಕ್ಕೇ ಕೊಟ್ಟೆ. ವಿಎಂಬಿಆರ್1 ಎಂಬ ಹೊಸ ಬ್ರಿಡ್ಜ್ ಬರೆದು, ಅದಕ್ಕೆ ಯಾವ ಪೋರ್ಟನ್ನೂ ಸೇರಿಸದೆ ಬಿಟ್ಟೆ. ತಂತಿ ಚುಚ್ಚದ ಸ್ವಿಚ್ ಎಂದುಕೊಳ್ಳಿ. ಆ ಬ್ರಿಡ್ಜ್‌ನಲ್ಲಿ ಹೋಸ್ಟ್‌ಗೆ 203.0.113.9, ಮಾಸ್ಕ್ 255.255.255.248. ವಿಎಂಗಳೆಲ್ಲ ಅದೇ ಬ್ರಿಡ್ಜ್‌ನಲ್ಲಿ, 10ರಿಂದ 14ರವರೆಗೆ, ಗೇಟ್‌ವೇ 9. ಈಗ 9 ಎಂಬುದು ನಿಜವಾಗಿಯೂ ಇದೆ! ಕೊನೆಗೆ ಐಪಿ ಫಾರ್ವರ್ಡ್ ಎಂಬ ಸಾಲಿನಲ್ಲಿ 0 ಇದ್ದದ್ದನ್ನು 1 ಮಾಡಿದೆ. ಸರ್ವರ್ ಆರಿ ಮತ್ತೆ ಶುರುವಾದಾಗಲೂ ಉಳಿಯುವಂತೆ ಕಡತದಲ್ಲೇ ಬರೆಯಬೇಕು. ಕೆಲವರು ಆದೇಶ ಕೊಟ್ಟು, ಪಿಂಗ್ ಬಂದ ಖುಷಿಯಲ್ಲಿ ಎದ್ದು ಹೋಗುತ್ತಾರೆ. ಮುಂದಿನ ಕರೆಂಟು ಹೋದಾಗ ಎಲ್ಲ ನಿಂತಿರುತ್ತದೆ. ನಮ್ಮ ಜಿಲ್ಲೆಯಲ್ಲಿ ಮುಂದಿನ ಕರೆಂಟು ಹೋಗುವುದಕ್ಕೆ ಬಹಳ ಕಾಯಬೇಕಾಗಿಲ್ಲ.

ಬಾಗಿಲು ತೆರೆದ ಕೂಡಲೇ ಯಾರು ಯಾರೋ ಬರತೊಡಗುತ್ತಾರೆ ಎಂಬುದು ತಿಳಿದಿರಲಿ. ಅರ್ಧ ಗಂಟೆಯೊಳಗೆ ಅಂಚೆ ಸರ್ವರಿನ ಲಾಗ್‌ನಲ್ಲಿ 22ನೇ ಪೋರ್ಟಿನ (ದೂರದಿಂದ ಯಂತ್ರದೊಳಗೆ ಲಾಗಿನ್ ಆಗುವ ದಾರಿ) ಬಾಗಿಲು ಬಡಿದವರ ಸಾಲು ಬೆಳೆಯುತ್ತಿತ್ತು. ಪ್ರಾಕ್ಸ್‌ಮಾಕ್ಸ್‌ನ ನಿರ್ವಹಣಾ ಪುಟ 8006ನೇ ಪೋರ್ಟಿನಲ್ಲಿ ಇರುತ್ತದೆ; ಅದು ವಿಪಿಎನ್ ಒಳಗಿನಿಂದ ಮಾತ್ರ ತೆರೆಯುವಂತೆ ಅಂದೇ ಕಟ್ಟಿದೆ. ದಾಟಿಸುವ ಪ್ಯಾಕೆಟ್‌ಗಳಿಗೂ ಫೈರ್‌ವಾಲ್ ನಿಯಮ ಬೇಕು. ಹೋಸ್ಟ್‌ಗೆ ಬರುವುದನ್ನು ತಡೆದ ಮಾತ್ರಕ್ಕೆ ಅದರ ಮೂಲಕ ಹಾದುಹೋಗುವುದು ತಡೆಯಾಗುವುದಿಲ್ಲ. ಫೈರ್‌ವಾಲ್‌ನಲ್ಲಿ ಅವೆರಡೂ ನಿಯಮಗಳ ಬೇರೆ ಬೇರೆ ಸರಪಳಿ.

ಸಂಜೆ ಲೆಕ್ಕಿಗರಿಗೆ ಲೆಕ್ಕ ಒಪ್ಪಿಸಿದೆ. ಅವರು ಪುಸ್ತಕದಲ್ಲಿ ಒಂದು ಹೊಸ ಪುಟ ತೆರೆದು “ಐಪಿ ವಿಳಾಸ” ಎಂದು ಬರೆದು, ಕೆಳಗೆ ಮೂರು ಗೆರೆ ಎಳೆದರು: ಜಮಾ, ಖರ್ಚು, ಬಾಕಿ. ಜಮಾ 8. “ಖರ್ಚು?”

“ಐದು ಸಾರ್. ಬಾಕಿ ಏನೂ ಇಲ್ಲ.”

ಲೇಖನಿ ನಿಂತಿತು. ಮೊದಲನೆಯದು ಗುಂಪಿನ ಹೆಸರು, ಕೊನೆಯದು ಬ್ರಾಡ್‌ಕಾಸ್ಟ್, ಒಂದು ಗೇಟ್‌ವೇ ಎಂದು ವಿವರಿಸಿದೆ. ಅವರು ಕೇಳಿಸಿಕೊಂಡು, “ಮೂರು ಹೊಟ್ಟು. ಔಟ್‌ಟರ್ನ್ ಅರವತ್ತೆರಡೂವರೆ” ಎಂದರು, ಬಾಯಿಲೆಕ್ಕದಲ್ಲೇ. “ಪಾರ್ಚ್‌ಮೆಂಟ್‌ನಲ್ಲಿ ನೂರಕ್ಕೆ ಎಂಬತ್ತು ಬರುತ್ತದೆ. ಇದಕ್ಕೆ ಇಷ್ಟು ದುಡ್ಡು ಏಕೆ?” ಏಕೆಂದರೆ ಈ ಹಳೆಯ ಬಗೆಯ, ಐಪಿವಿ4 ಎಂಬ ವಿಳಾಸ 32 ಬಿಟ್‌ನದು, ಒಟ್ಟು ಇರುವುದೇ ಸುಮಾರು 429 ಕೋಟಿ, ಜಗತ್ತಿನ ಉಗ್ರಾಣದಲ್ಲಿದ್ದ ಕೊನೆಯ ಐದು ದೊಡ್ಡ ಗುಂಪುಗಳನ್ನು 2011ರ ಫೆಬ್ರವರಿ 3ರಂದೇ ಹಂಚಿ ಮುಗಿಸಿದರು, ಏಷ್ಯಾ ಭಾಗಕ್ಕೆ ವಿಳಾಸ ಹಂಚುವ ಎಪಿನಿಕ್ ಅದೇ ವರ್ಷ ಏಪ್ರಿಲ್‌ನಿಂದ ಕೈ ಬಿಗಿಹಿಡಿದು ಕೊಡತೊಡಗಿತು ಎಂದೆಲ್ಲ ಹೇಳಿದೆ. ಕೊರತೆಯ ಮಾಲಿಗೆ ಬೆಲೆ ಏರುವುದು ಅವರಿಗೆ ಹೊಸದಲ್ಲ. ಆದರೆ ಆ ಮೂರು ಹೊಟ್ಟು ಅವರಿಗೆ ಒಪ್ಪಿಗೆಯಾಗಲಿಲ್ಲ.

ನಾಲ್ಕು ತಿಂಗಳ ನಂತರ ಯಜಮಾನರ ಮಗ ಹೋಂಸ್ಟೇ ಆರಂಭಿಸಿ, ಅದರ ಬುಕಿಂಗ್ ಯಂತ್ರಕ್ಕೆ ಬೇರೆಯದೇ ವಿಳಾಸ ಬೇಕೆಂದ. ಒಂದೇ ವಿಳಾಸದ ಹಿಂದೆ ರಿವರ್ಸ್ ಪ್ರಾಕ್ಸಿ (ಬಂದ ಕೋರಿಕೆಯನ್ನು ವೆಬ್‌ಸೈಟಿನ ಹೆಸರು ನೋಡಿ ಹಂಚುವ ತಂತ್ರಾಂಶ) ಇಟ್ಟು ಹತ್ತು ವೆಬ್‌ಸೈಟ್ ನಡೆಸಬಹುದು ಎಂದು ನಾನು ಹೇಳಿದೆ. ಆದರೆ ತಂದೆಯ ಲೆಕ್ಕ ಬೇರೆ, ತನ್ನ ಲೆಕ್ಕ ಬೇರೆ ಎಂದು ಅವನ ಹಟ. ಆಗ ಲೆಕ್ಕಿಗರ ಹೊಟ್ಟಿನ ಮಾತು ನೆನಪಾಯಿತು. ಗುಂಪು ರೂಟ್ ಆಗಿ ಬರುತ್ತಿದ್ದರೆ ಅದನ್ನು ಗುಂಪಾಗಿಯೇ ಇಡಬೇಕೆಂಬ ನಿಯಮವಿಲ್ಲ. ಮಾಸ್ಕ್ ಎಂಬುದು ಒಳಗಿನ ವ್ಯವಹಾರ, ಹೊರಗಿನವರಿಗೆ ಅದು ಕಾಣುವುದಿಲ್ಲ. ಪ್ರತಿ ವಿಳಾಸವನ್ನೂ ಒಂಟಿಯಾಗಿ, /32 ಎಂದು ಬಿಡಿಸಿದರೆ ಗುಂಪಿನ ಹೆಸರೂ ಬೇಡ, ಬ್ರಾಡ್‌ಕಾಸ್ಟೂ ಬೇಡ. ಹೋಸ್ಟ್‌ನಲ್ಲಿ ಒಂದೊಂದು ವಿಳಾಸಕ್ಕೂ ಇದು ವಿಎಂಬಿಆರ್1ರ ಕಡೆ ಎಂದು ಒಂದೊಂದು ರೂಟ್ ಬರೆದೆ. ವಿಎಂ ಒಳಗೆ ವಿಳಾಸ /32, ಗೇಟ್‌ವೇ 198.51.100.2, ಜೊತೆಗೆ ಆ ಗೇಟ್‌ವೇ ಇದೇ ತಂತಿಯ ಮೇಲಿದೆ ಎಂಬ ಆನ್‌ಲಿಂಕ್ ಸೂಚನೆ. ಹೋಸ್ಟ್‌ನ ಹೊರಪೋರ್ಟಿನ ವಿಳಾಸವನ್ನು ಒಳಬ್ರಿಡ್ಜ್‌ನಿಂದ ಕೇಳಿದರೆ ಉತ್ತರ ಬರುತ್ತದೆಯೇ? ಬರುತ್ತದೆ. ಲಿನಕ್ಸ್‌ನ ಸಹಜ ಹೊಂದಿಕೆಯಲ್ಲಿ ಅದು ತನ್ನ ಯಾವುದೇ ವಿಳಾಸದ ಬಗ್ಗೆ ಯಾವ ಕಡೆಯಿಂದ ಕೂಗಿದರೂ ಓಗೊಡುತ್ತದೆ. ಹೀಗೆ 9 ಕೂಡ ಬಿಡುಗಡೆಯಾಗಿ ಹೋಂಸ್ಟೇ ಪಾಲಾಯಿತು.

ಇದರ ಜೊತೆಗೊಂದು ಹಳ್ಳ ತೋಡಿಕೊಂಡಿದ್ದೆ. ಗುಂಪನ್ನು ಬಿಡಿಸಿದ ಮೇಲೆ 8 ಮತ್ತು 15ಕ್ಕೆ ಹೋಸ್ಟ್‌ನಲ್ಲಿ ರೂಟ್ ಇರಲಿಲ್ಲ, ಯಾರೂ ಬಳಸುತ್ತಿಲ್ಲವಲ್ಲ ಎಂದು. ಒಂದು ದಿನ ಮನೆಯಿಂದ 15ಕ್ಕೆ ಟ್ರೇಸ್‌ರೂಟ್ (ಪ್ಯಾಕೆಟ್ ಯಾವ ರೂಟರುಗಳನ್ನು ಹಾಯುತ್ತದೆಂಬ ಪರೀಕ್ಷೆ) ಮಾಡಿದರೆ 198.51.100.1, 198.51.100.2, ಮತ್ತೆ 1, ಮತ್ತೆ 2 ಎಂದು ಪರದೆ ತುಂಬಿತು. ಕಂಪನಿಯ ರೂಟರ್ ಪ್ಯಾಕೆಟ್ಟನ್ನು ನಮಗೆ ಕೊಡುತ್ತದೆ. ನಮ್ಮ ಹೋಸ್ಟ್, ಇಂಥವರು ಇಲ್ಲಿಲ್ಲ, ಗೊತ್ತಿಲ್ಲದ್ದನ್ನೆಲ್ಲ ಹೊರಗೆ ಕಳುಹಿಸು ಎಂಬ ನಿಯಮದಂತೆ ವಾಪಸು ಕೊಡುತ್ತದೆ. ಅಂಚೆ ಕಚೇರಿ ಮತ್ತು ತೋಟದ ಆಫೀಸಿನ ನಡುವೆ ವಾರಸುದಾರರಿಲ್ಲದ ಕಾಗದ ಓಡಾಡಿದಂತೆ, ಅದರ ಟಿಟಿಎಲ್ (ಪ್ರತಿ ರೂಟರಿನಲ್ಲೂ ಒಂದು ಕಳೆಯುವ ಆಯುಷ್ಯದ ಎಣಿಕೆ) ಸವೆದು ಸಾಯುವವರೆಗೆ. ಒಬ್ಬ ಕಿಡಿಗೇಡಿ ಅಂಥ ಪ್ಯಾಕೆಟ್‌ಗಳನ್ನು ಸುರಿದರೆ ನಮ್ಮ ಲೈನಿನಲ್ಲಿ ಅವು ಹಲವು ಪಟ್ಟಾಗಿ ಓಡುತ್ತವೆ. ಪೂರ್ತಿ /29ಕ್ಕೆ ಒಂದು ಬ್ಲ್ಯಾಕ್‌ಹೋಲ್ ರೂಟ್ ಬರೆದರೆ ತೀರಿತು. ಬಳಕೆಯಲ್ಲಿರುವ ವಿಳಾಸಗಳ /32 ರೂಟ್ ಹೆಚ್ಚು ನಿಖರವಾದುದರಿಂದ ಅವೇ ಗೆಲ್ಲುತ್ತವೆ, ಉಳಿದದ್ದು ಅಲ್ಲೇ ಹೂತುಹೋಗುತ್ತದೆ.

ಒಳಗಿನ ಯಂತ್ರಗಳ ಕಥೆ ಚಿಕ್ಕದು. ಲೆಕ್ಕಪತ್ರದ ವಿಂಡೋಸ್‌ಗೂ ಬ್ಯಾಕಪ್‌ಗೂ ಇನ್ನೊಂದು ಬ್ರಿಡ್ಜ್, ಖಾಸಗಿ ವಿಳಾಸ, ಹೊರಗೆ ಹೋಗಲು ನ್ಯಾಟ್ (ಹೋಗುವಾಗ ಒಳವಿಳಾಸದ ಬದಲು ಹೋಸ್ಟ್‌ನ ಹೊರವಿಳಾಸ ಹಾಕುವುದು). ಖಾಸಗಿ ವಿಳಾಸ ಎಂದ ಕೂಡಲೇ ಎಲ್ಲರ ಕೈ 192.168.1ಕ್ಕೆ ಹೋಗುತ್ತದೆ, ನನ್ನದೂ ಹೋಗಿತ್ತು. ಯಜಮಾನರು ತೋಟದ ಮನೆಯಿಂದ ವಿಪಿಎನ್ ಹಾಕಿಕೊಂಡಾಗ ಏನೂ ತೆರೆಯಲಿಲ್ಲ. ಅವರ ಮನೆಯ ವೈಫೈ ಕೂಡ 192.168.1, ಅವರ ಲ್ಯಾಪ್‌ಟಾಪ್ ಲೆಕ್ಕಪತ್ರದ ಯಂತ್ರವನ್ನು ಅವರದೇ ಮನೆಯೊಳಗೆ ಹುಡುಕುತ್ತಿತ್ತು. ಈಗ 10.47.20 ಎಂದು ಯಾರೂ ಸುಮ್ಮನೆ ಆರಿಸದ ಅಂಕಿ ಇಟ್ಟಿದ್ದೇನೆ.

ನ್ಯಾಟ್‌ನಲ್ಲಿ ಮಾಡಿದ ತಪ್ಪು ಮಾತ್ರ ಮೂರು ವಾರ ಅಡಗಿ ಕುಳಿತಿತ್ತು. ಹೊರಪೋರ್ಟಿನಿಂದ ಹೋಗುವುದಕ್ಕೆಲ್ಲ ಮಾಸ್ಕರೇಡ್ ಮಾಡು ಎಂದು ನಿಯಮ ಬರೆದಿದ್ದೆ. 10.47.20ರಿಂದ ಬಂದದ್ದಕ್ಕೆ ಮಾತ್ರ ಎಂಬ ಷರತ್ತು ಬಿಟ್ಟುಹೋಗಿತ್ತು. ಅದರಿಂದ ಸ್ವಂತ ವಿಳಾಸವಿದ್ದ ವಿಎಂಗಳು ಹೊರಗೆ ಕರೆ ಮಾಡಿದಾಗಲೂ 198.51.100.2 ಎಂಬ ಮುಖವಾಡ ಹಾಕಿಕೊಂಡೇ ಹೋಗುತ್ತಿದ್ದವು. ಒಳಬರುವುದೆಲ್ಲ ಸರಿಯಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ. ಎಸ್‌ಎಂಎಸ್ ಸೇವೆಯವರು 203.0.113.11ರಿಂದ ಬಂದ ಕೋರಿಕೆಯನ್ನು ಮಾತ್ರ ಒಪ್ಪುವಂತೆ ಮಾಡಿದ ದಿನ ಬೆಳೆಗಾರರಿಗೆ ತೂಕದ ಸಂದೇಶ ನಿಂತುಹೋಯಿತು, ಮಧ್ಯಾಹ್ನದ ಹೊತ್ತಿಗೆ ತೂಕದ ಜಾಗದಲ್ಲಿ ಜಗಳವೇ ಆಯಿತು. ವಿಎಂ ಒಳಗೆ ಕುಳಿತು ನನ್ನ ಹೊರವಿಳಾಸ ಯಾವುದು ಎಂದು ಕೇಳಿ ನೋಡುವ ಅಭ್ಯಾಸ ಅಂದಿನಿಂದ ಬಂದಿತು. ಒಳಗೆ ಬರುವ ದಾರಿ ಸರಿಯಿದ್ದರೆ ಹೋಗುವ ದಾರಿಯೂ ಸರಿಯಿದೆ ಎಂದು ನಂಬಬಾರದು.

ಮರುವರ್ಷ ಐಪಿವಿ6, ಅಂದರೆ ಕೊರತೆಯಿಲ್ಲದ ಹೊಸ ಬಗೆಯ ವಿಳಾಸ, ಕೇಳಿದೆವು, /48 ಕೊಟ್ಟರು. ಈ ಸಲ ಮೊದಲ ಪ್ರಶ್ನೆಯನ್ನು ಮರೆಯಲಿಲ್ಲ: “ರೂಟ್ ಮಾಡಿದ್ದೀರಾ? ನಮ್ಮ ಯಾವ ವಿಳಾಸದ ಹಿಂದೆ?” ಆ ಕಡೆಯ ಹುಡುಗ ಒಂದು ಕ್ಷಣ ಸುಮ್ಮನಿದ್ದು, ಯಾರನ್ನೋ ಕೇಳಿ ಬಂದು ಉತ್ತರಿಸಿದ. ಒಂದು /48ರಲ್ಲಿ 65,536 /64 ಗುಂಪುಗಳಿವೆ. ಬ್ರಿಡ್ಜ್‌ಗೊಂದು /64 ಕೊಟ್ಟೆ, ಕೈಬಿಗಿ ಹಿಡಿಯುವ ಪ್ರಮೇಯವೇ ಇಲ್ಲ. ಇಲ್ಲಿ ನನ್ನನ್ನು ಕೆಡವಿದ್ದು ಬೇರೆಯೇ. ಹೋಸ್ಟ್ ತನ್ನ ಗೇಟ್‌ವೇಯನ್ನು ಕಂಪನಿಯ ರೂಟರಿನ ಪ್ರಕಟಣೆಯಿಂದ ತಾನಾಗಿಯೇ ಕಲಿತಿತ್ತು. ವಿಎಂಗಳಿಗಾಗಿ ಐಪಿವಿ6 ಫಾರ್ವರ್ಡ್ ಹಾಕಿದ ಕೂಡಲೇ ಆ ಗೇಟ್‌ವೇ ಮಾಯವಾಯಿತು. ಪ್ಯಾಕೆಟ್ ದಾಟಿಸುವವನು ರೂಟರ್, ರೂಟರ್ ಆದವನು ಇನ್ನೊಬ್ಬ ರೂಟರಿನ ಪ್ರಕಟಣೆ ಕೇಳಬಾರದು ಎಂಬುದು ಲಿನಕ್ಸ್‌ನ ತರ್ಕ. ಪ್ರಕಟಣೆ ಒಪ್ಪುವ ಸಾಲಿನಲ್ಲಿ 1ರ ಬದಲು 2 ಬರೆದರೆ ಕೇಳುತ್ತದೆ. ನಾನು ಗೇಟ್‌ವೇಯನ್ನೇ ಕಡತದಲ್ಲಿ ಸ್ಥಿರವಾಗಿ ಬರೆದುಬಿಟ್ಟೆ. ಇನ್ನೊಂದು ಮಾತು: ಪಿಂಗ್ ತಡೆಯುವ ಉತ್ಸಾಹದಲ್ಲಿ ಪಿಂಗ್ ಮುಂತಾದ ಸೂಚನೆಗಳನ್ನು ಒಯ್ಯುವ ಐಪಿವಿ6ರ ಐಸಿಎಂಪಿಯನ್ನು ಪೂರ್ತಿ ಮುಚ್ಚಬೇಡಿ. ಅಲ್ಲಿ ಎಆರ್‌ಪಿ ಇಲ್ಲ, ನೆರೆಯವರನ್ನು ಹುಡುಕುವ ಕೂಗು ಐಸಿಎಂಪಿಯಲ್ಲೇ ಹೋಗುತ್ತದೆ. ಅದನ್ನು ಮುಚ್ಚಿದರೆ ಯಂತ್ರಕ್ಕೆ ನಾಲಿಗೆ ಕತ್ತರಿಸಿದಂತೆ.

ಆಷಾಢದ ಒಂದು ರಾತ್ರಿಯ ವಿಷಯ ಹೇಳದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ಮನೆಯಲ್ಲಿ ಕುಳಿತು ಹೋಸ್ಟ್‌ನ ನೆಟ್‌ವರ್ಕ್ ಕಡತ ತಿದ್ದುತ್ತಿದ್ದೆ. ಗೇಟ್‌ವೇ 198.51.100.1ರ ಕೊನೆಗೆ ಇನ್ನೊಂದು 1 ಬಿದ್ದು 11 ಆಗಿತ್ತು. ಮತ್ತೆ ಓದಿಕೋ ಎಂದು ಆದೇಶ ಕೊಟ್ಟೆ, ಪರದೆ ಕಲ್ಲಾಯಿತು. ಹೊರಗೆ ಮಳೆ ಸುರಿಯುತ್ತಿತ್ತು. ರೇನ್‌ಕೋಟ್ ತೊಟ್ಟು ಸ್ಕೂಟರಿನಲ್ಲಿ ಹೊರಟರೆ, ಊರು ದಾಟುವ ಮೊದಲೇ ರಸ್ತೆಗೆ ಮರ ಬಿದ್ದಿತ್ತು, ಸುತ್ತುಹಾದಿ ಹಿಡಿದು ಹೋಗಿ ಕಾವಲುಗಾರರನ್ನು ಎಬ್ಬಿಸಿದೆ. ಒಂದು ಅಂಕಿ ಅಳಿಸಲು ಒಂದೂವರೆ ಗಂಟೆ. ಅದಾದ ಮೇಲೆ ದೂರದಿಂದ ನೆಟ್‌ವರ್ಕ್ ತಿದ್ದುವಾಗ ಮೊದಲು ಹಳೆಯ ಕಡತದ ಪ್ರತಿ ಇಟ್ಟು, ಐದು ನಿಮಿಷದ ನಂತರ ಅದನ್ನೇ ವಾಪಸು ಹಾಕಿ ಮತ್ತೆ ಓದಿಸುವ ಕೆಲಸವನ್ನು ಸರದಿಯಲ್ಲಿ ಇಡುತ್ತೇನೆ. ಹೊಸ ಹೊಂದಿಕೆ ಕೂತರೆ ಆ ಕೆಲಸ ರದ್ದು. ಕೂರದಿದ್ದರೆ ಐದು ನಿಮಿಷ ಕಾಫಿ ಕುಡಿದು ಬಂದರೆ ಎಲ್ಲ ಮೊದಲಿನಂತೆ. ಸರ್ವರಿನ ನಿರ್ವಹಣಾ ಪೋರ್ಟನ್ನು ಒಂದು 4ಜಿ ರೂಟರಿಗೂ ಕಟ್ಟಿದ್ದೇನೆ. ಅದಕ್ಕೆ ಸಿಗುವುದು 100.64ರ ಸಾಲಿನ ಹಂಚಿಕೆಯ ವಿಳಾಸ, ಹೊರಗಿನಿಂದ ಕರೆದರೆ ಓಗೊಡುವುದಿಲ್ಲ. ಅದೇ ಒಳಗಿನಿಂದ ನಮ್ಮ ಇನ್ನೊಂದು ಕಚೇರಿಗೆ ವಿಪಿಎನ್ ಹಾಕಿಕೊಂಡು ಕಾಯುತ್ತಿರುತ್ತದೆ.

ಲೆಕ್ಕಿಗರ ಪುಸ್ತಕದಲ್ಲಿ ಆ ಪುಟ ಈಗಲೂ ಇದೆ. ಸರ್ವರ್ ಬೀರುವಿನ ಬಾಗಿಲಿನ ಒಳಗೆ ನಾನು ಅಂಟಿಸಿದ ಪಟ್ಟಿಗಿಂತ ಅದೇ ಹೆಚ್ಚು ನಂಬಿಕೆಗೆ ಅರ್ಹ, ಏಕೆಂದರೆ ಅವರು ದಿನಾಂಕ ಹಾಕುತ್ತಾರೆ. ಐಪಿವಿ6 ಬಂದಾಗ ಅದಕ್ಕೂ ಒಂದು ಪುಟ ತೆರೆಯಲು ಹೊರಟು, ಜಮಾದ ಅಂಕಿ ಕೇಳಿ, “ಇದು ಚೀಲವಲ್ಲ, ಇದು ಮಳೆ. ಇದನ್ನು ನಾನು ಬರೆಯುವುದಿಲ್ಲ” ಎಂದು ಪುಸ್ತಕ ಮುಚ್ಚಿದ್ದರು. ಹಳೆಯ ಪುಟದಲ್ಲಿ ಹೋಂಸ್ಟೇ ಸೇರಿದ ದಿನ ಮೂರು ಹೊಟ್ಟಿನ ಸಾಲನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿ, ಕೆಳಗೆ ಬರೆದಿದ್ದಾರೆ: ಜಮಾ 8, ಖರ್ಚು 6, ಬಾಕಿ 2.